ಹಳೆ ಬೀಜದ ಡಬ್ಬಿ: ಬಿತ್ತೋದಾ, ಬಿಡೋದಾ?

ಮೈಸೂರಿನಿಂದ ಪ್ರಶ್ನೆ:

ಅತ್ತೆ ಊರಿನಿಂದ ಬರುವಾಗ ಒಂದು ಸ್ಟೀಲ್ ಡಬ್ಬಿ ತುಂಬ ಬೀಜ ತಂದಿದ್ದಾರೆ. ಅವರೆ, ಅಲಸಂದೆ, ಹೀರೆ, ಬೆಂಡೆ, ಮೆಣಸಿನಕಾಯಿ, ಈರುಳ್ಳಿ. ಜೊತೆಗೆ ಅಂಗಡಿಯ ಟೊಮೆಟೊ ಪ್ಯಾಕೆಟ್, 2021ರದ್ದು. ಕೆಲವು ಎಷ್ಟು ಹಳೆಯವು ಅಂತ ಅವರಿಗೂ ನೆನಪಿಲ್ಲ. ನಮ್ಮ ಹಿತ್ತಲಲ್ಲಿ ಜಾಗ ಕಡಿಮೆ. ಸುಮ್ನೆ ಹಾಕಿ ಕಾಯುವ ಬದಲು ಮೊದಲೇ ಪರೀಕ್ಷೆ ಮಾಡೋದು ಹೇಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ:

ಮೇಡಂ, ಡಬ್ಬಿಯನ್ನು ಯಾವ ಕಾರಣಕ್ಕೂ ಎಸೆಯಬೇಡಿ. ಹಾಗಂತ ನಂಬಿ ಪಾತಿಗೂ ಸುರಿಯಬೇಡಿ. ಒಂದು ಹಳೆ ಪಂಚೆ ತುಂಡು ಸಾಕು. ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ನೀರು ತೊಟ್ಟಿಕ್ಕಬಾರದು. ನೀರು ಜಾಸ್ತಿ ಆದರೆ ಬೀಜಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಒಂದೊಂದು ಜಾತಿಯಲ್ಲಿ 20 ಬೀಜ ಎಣಿಸಿ ಇಡಿ. ಕೈಗೆ ಬಂದಂತೆ ತೆಗೆಯಬೇಕು. ದಪ್ಪದಪ್ಪದ್ದನ್ನೇ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಬಟ್ಟೆ ಸುರುಳಿ ಸುತ್ತಿ, ಹೆಸರು, ತಾರೀಖು ಬರೆದು, ಸಡಿಲ ಮುಚ್ಚಳದ ಡಬ್ಬದಲ್ಲಿ ಹಾಕಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ದಿನಾ ಒಮ್ಮೆ ಬಿಚ್ಚಿ ನೋಡಿ.

ಅಲಸಂದೆ, ಅವರೆ ಮೂರರಿಂದ ಐದು ದಿನದಲ್ಲಿ ಬಾಯಿ ಬಿಡುತ್ತವೆ. ಟೊಮೆಟೊಗೆ ಒಂದು ವಾರ, ಮೆಣಸಿನಕಾಯಿಗೆ ಎರಡು ವಾರ ಬೇಕು. ಹಳೆಯದಾದಷ್ಟೂ ನಿಧಾನ, ಆದ್ದರಿಂದ ಇನ್ನೂ ಸ್ವಲ್ಪ ದಿನ ಬಿಟ್ಟು ನೋಡಿ. 20ರಲ್ಲಿ 14 ಮೊಳೆತರೆ ಶೇಕಡಾ 70. ನಮ್ಮಲ್ಲಿ ಪ್ರಮಾಣೀಕೃತ ಟೊಮೆಟೊ, ಬದನೆ ಬೀಜಕ್ಕೆ ಇರುವ ಕನಿಷ್ಠ ಮಟ್ಟವೇ ಶೇಕಡಾ 70. ಬೆಂಡೆಗೆ 65, ಮೆಣಸಿನಕಾಯಿಗೆ 60. ಹಾಗಾಗಿ ನಿಮ್ಮ ಡಬ್ಬಿಯದ್ದು ಅರ್ಧಕ್ಕರ್ಧ ಮೊಳೆತರೂ ಬೇಜಾರು ಬೇಡ. ಗುಣಿಗೆ ಒಂದು ಹಾಕುವಲ್ಲಿ ಎರಡು ಹಾಕಿ.

ಎಣಿಕೆಗಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬೇರನ್ನು ಹತ್ತಿರದಿಂದ ನೋಡಿ. ಬೆಳ್ಳಗೆ, ನೇರವಾಗಿ, ಚೂಪಾಗಿ ಇಳಿದಿರಬೇಕು. ತುದಿ ಕಂದಿ ಮೊಂಡಾಗಿ ನಿಂತಿದ್ದರೆ, ಅಥವಾ ಅವರೆಯ ಬೇಳೆ ಲೋಳೆಯಾಗಿ ವಾಸನೆ ಬರುತ್ತಿದ್ದರೆ, ಅದನ್ನು ಮೊಳೆತದ್ದು ಅಂತ ಎಣಿಸಬೇಡಿ. ಬಟ್ಟೆಯಲ್ಲಿ ಮೊಳೆತದ್ದಕ್ಕೆಲ್ಲ ಮಣ್ಣು ಸೀಳಿ ಮೇಲೆ ಬರುವ ಶಕ್ತಿ ಇರುವುದಿಲ್ಲ. ಚೆನ್ನಾಗಿ ಮೊಳೆತವನ್ನು, ಬೇರು ಮುರಿಯದಂತೆ, ನೇರ ಪುಟ್ಟ ಕುಂಡಕ್ಕೆ ಹಾಕಿಬಿಡಿ.

ಬೆಂಗಳೂರಿನಿಂದ, ತಾರಸಿ ತೋಟದವರು:

ನೀರಿಗೆ ಹಾಕಿ ತೇಲಿದ್ದನ್ನು ಎಸೆಯಿರಿ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಜೊಳ್ಳು ಬೇರೆ ಮಾಡೋದಕ್ಕೆ ಅದು ಸರಿ. ಹೀರೆ, ಹಾಗಲದಲ್ಲಿ ಒಳ್ಳೆ ಬೀಜವೂ ತೇಲುತ್ತದೆ. ಸತ್ತ ಅವರೆ ಕಲ್ಲಿನಂತೆ ಮುಳುಗುತ್ತದೆ.

ಶಿರಸಿ ಕಡೆಯಿಂದ:

ತಂಗಿ, ಮೊದಲು ಈರುಳ್ಳಿ ಬೀಜ ನೋಡು. ಅದು ವರ್ಷ ದಾಟಿದರೆ ಬೇಗ ಕೈಕೊಡುತ್ತದೆ. ಬೆಂಡೆ ಎರಡು ವರ್ಷ, ಮೆಣಸಿನಕಾಯಿ ಎರಡು ಮೂರು ವರ್ಷ. ಟೊಮೆಟೊ, ಬದನೆ, ಸೌತೆ, ಕುಂಬಳ ನಾಲ್ಕೈದು ವರ್ಷ ತಡೆಯುತ್ತವೆ. ಇದೆಲ್ಲ ಚೆನ್ನಾಗಿ ಒಣಗಿಸಿ ತಂಪಾಗಿ ಇಟ್ಟಿದ್ದರೆ ಮಾತ್ರ. ಬೀಜದೊಳಗಿನ ತೇವ ಶೇಕಡಾ ಒಂದರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅಂತ ಬೀಜ ವಿಜ್ಞಾನದಲ್ಲಿ ಒಂದು ಅಂದಾಜು ಸೂತ್ರವೇ ಇದೆ. ನಮ್ಮ ಮಳೆಗಾಲದ ತೇವದಲ್ಲಿ ಇಟ್ಟ ಬೀಜ ಒಂದೇ ವರ್ಷಕ್ಕೆ ಮಂಕಾಗುತ್ತದೆ. ಅದಕ್ಕೇ ಅಲ್ವಾ ಹಿಂದಿನವರು ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದದ್ದು, ಬೂದಿಯಲ್ಲಿ ಕಲಸುತ್ತಿದ್ದದ್ದು, ಸೌತೆ ಬೀಜವನ್ನು ಸಗಣಿ ಸಮೇತ ಗೋಡೆಗೆ ತಟ್ಟುತ್ತಿದ್ದದ್ದು. ಅತ್ತೆಯವರು ಹೇಗೆ ಇಟ್ಟಿದ್ದರು ಅಂತ ಕೇಳು. ಬೂದಿ ಹಾಕಿ ಇಟ್ಟಿದ್ದರೆ ನನಗೆ ಭರವಸೆ ಜಾಸ್ತಿ.

ಡಬ್ಬಿಯಲ್ಲಿ ಕರಿಬೇವಿನ ಬೀಜ, ಹಲಸಿನ ಬೀಜ ಇದ್ದರೆ ಅವುಗಳ ಆಸೆ ಬಿಡು. ಅವು ಒಣಗಿದರೆ ಸತ್ತ ಹಾಗೆ, ಹಣ್ಣಿನಿಂದ ತೆಗೆದ ಹಸಿಯಲ್ಲೇ ಹಾಕಬೇಕು.

ಮೈಸೂರಿನಿಂದ:

ಅಕ್ಕ, ಬೂದಿಯೇ ಹಾಕಿದ್ದಾರಂತೆ! ಹೀರೆ ಸಿಪ್ಪೆ ತುಂಬ ಗಟ್ಟಿ ಇದೆ. ಹೀರೆ, ಅವರೆ ಎರಡನ್ನೂ ರಾತ್ರಿ ನೆನೆಸಿಡಲಾ?

ಶಿರಸಿ ಕಡೆಯಿಂದ:

ಹೀರೆ ನೆನೆಸು. ನೇಲ್ ಕಟರಿನಲ್ಲಿ ಸಿಪ್ಪೆಯ ಅಂಚು ಮಾತ್ರ ಚೂರು ಕತ್ತರಿಸು, ಒಳಗಿನ ಬಿಳಿ ತಿರುಳಿಗೆ ತಾಗದ ಹಾಗೆ. ಹಳೆ ಅವರೆ, ಅಲಸಂದೆ ಮಾತ್ರ ನೀರಲ್ಲಿ ಮುಳುಗಿಸಬೇಡ. ವಯಸ್ಸಾದ ಕಾಳು ಒಮ್ಮೆಲೇ ನೀರು ಹೀರಿದರೆ ಒಳಗಿನ ಜೀವಕೋಶಗಳು ಹರಿದು ಸತ್ವ ನೀರಿಗೆ ಸೋರಿಹೋಗುತ್ತದೆ. ಬದುಕಬಹುದಾದ ಕಾಳೂ ಸಾಯುತ್ತದೆ. ಒದ್ದೆ ಬಟ್ಟೆಯಲ್ಲೋ ತೇವದ ಮರಳಲ್ಲೋ ನಿಧಾನಕ್ಕೆ ನೀರು ಕುಡಿಯಲಿ.

ತುಮಕೂರಿನಿಂದ:

ಒಂದು ಮಾತು ಸೇರಿಸುತ್ತೇನೆ. ಐದೇ ಗಿಡ ಎದ್ದರೂ ಮೊದಲ ಬೆಳೆಯನ್ನು ಸಾರಿಗೆ ಹಾಕಬೇಡಿ. ಚೆನ್ನಾಗಿರುವ ಗಿಡದಲ್ಲಿ ಕೆಲವು ಕಾಯಿ ಬಲಿಯಲು ಬಿಡಿ. ಮನೆ ತಳಿ ಉಳಿಯಬೇಕಾದರೆ ಈ ವರ್ಷವೇ ಹೊಸ ಬೀಜ ಆಗಬೇಕು, ಮುಂದಿನ ವರ್ಷಕ್ಕೆ ಈ ಡಬ್ಬಿಯಲ್ಲಿ ಇಷ್ಟೂ ಜೀವ ಇರುವುದಿಲ್ಲ. ಅವರೆ ಹೆಚ್ಚಾಗಿ ತನ್ನ ಹೂವಿನಲ್ಲೇ ಕಾಯಿ ಕಟ್ಟುತ್ತದೆ, ಚಿಂತೆಯಿಲ್ಲ. ಹೀರೆಗೆ ಜೇನುಹುಳು ಅಕ್ಕಪಕ್ಕದ ಹೀರೆಯ ಪರಾಗ ತರುತ್ತದೆ. ಪಕ್ಕದವರು ಬೇರೆ ಹೀರೆ ಹಾಕಿದ್ದರೆ ಬೆರಕೆಯಾಗಬಹುದು.

ಹೊಸ ಬೀಜವನ್ನು ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಪುಟ್ಟ ಗಂಟು ಇರಲಿ, ತೇವ ಹೀರಿಕೊಳ್ಳುತ್ತದೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ತಣ್ಣನೆ ಬೀಜದ ಮೇಲೆ ನೀರು ಕೂರುತ್ತದೆ. ಆ 2021ರ ಟೊಮೆಟೊ ಪ್ಯಾಕೆಟ್ ಮೇಲೆ ಹೈಬ್ರಿಡ್ ಅಂತ ಇದೆಯಾ ನೋಡಿ. ಇದ್ದರೆ ಬೆಳೆದು ತಿನ್ನಿ, ಬೀಜ ಹಿಡಿಯಬೇಡಿ. ಮುಂದಿನ ಗಿಡ ಅದೇ ಥರ ಬರುವುದಿಲ್ಲ.