‘ಸೂಕ್ಷ್ಮ ವಲಯ’ ಎಂದರೆ ಚಿಕ್ಕ ವಲಯವೋ, ನಾಜೂಕಿನ ವಲಯವೋ?

ಹುಬ್ಬಳ್ಳಿಯಿಂದ:
ಮಾನ್ಯರೇ, ದೊಡ್ಡ ನಗರವೊಂದರ ನೆಲವನ್ನು ತುಣುಕು ತುಣುಕಾಗಿ ಪರೀಕ್ಷಿಸಿ, ಭೂಕಂಪವಾದರೆ ಎಲ್ಲಿ ಎಷ್ಟು ಅಲುಗೀತು ಎಂದು ತೋರಿಸುವ ‘ಮೈಕ್ರೋಜೋನೇಶನ್’ ನಕ್ಷೆಗೆ ಕನ್ನಡ ಹೆಸರು ಬೇಕಾಗಿದೆ. ಪ್ರದರ್ಶನದ ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ‘ಸೂಕ್ಷ್ಮ ವಲಯ ನಕ್ಷೆ’ ನನಗೆ ಒಪ್ಪಿಗೆಯಿಲ್ಲ. ‘ಪರಿಸರ ಸೂಕ್ಷ್ಮ ವಲಯ’, ‘ಸೂಕ್ಷ್ಮ ಮತಗಟ್ಟೆ’ ಎಂದು ದಿನವೂ ಓದುವವರು ನಗರವೆಲ್ಲ ಅಪಾಯದಲ್ಲಿದೆ ಎಂದೇ ತಿಳಿಯುತ್ತಾರೆ. ನಕ್ಷೆ ಹೇಳುವುದು ಒಂದೇ ಊರಿನೊಳಗಿನ ವ್ಯತ್ಯಾಸವನ್ನು: 1985ರಲ್ಲಿ ಮೆಕ್ಸಿಕೋ ನಗರದಲ್ಲಿ, ಭೂಕಂಪದ ಕೇಂದ್ರ ಮುನ್ನೂರು ಕಿಲೋಮೀಟರಿಗೂ ಆಚೆ ಇದ್ದರೂ, ಹಳೆಯ ಸರೋವರದ ಮೆತ್ತನೆಯ ಜೇಡಿಮಣ್ಣು ಕಂಪನದ ಅಲೆಗಳನ್ನು ಹಿಗ್ಗಿಸಿದ್ದರಿಂದ ಅದರ ಮೇಲಿನ ಕಟ್ಟಡಗಳೇ ಹೆಚ್ಚಾಗಿ ಕುಸಿದವು. ‘ಕಿರುವಲಯ ನಕ್ಷೆ’ ಆದೀತೆ?

ಧಾರವಾಡದಿಂದ:
ಆಗದು. ‘ಕಿರು’ ಕನ್ನಡ, ‘ವಲಯ’ ಸಂಸ್ಕೃತ, ಇದು ಅರಿಸಮಾಸ. ಮೊದಲು ‘ಭೂಕಂಪ’ವನ್ನೇ ಬಿಡಿ. ಕನ್ನಡಿಗನಿಗೆ ಕಂಪು ಎಂದರೆ ಮಲ್ಲಿಗೆಯದು. ತಮಿಳರು ‘ನಿಲನಡುಕ್ಕಂ’ ಎನ್ನುವಾಗ ನಮಗೆ ‘ನೆಲನಡುಕ’ ಎನ್ನಲು ಸಂಕೋಚವೇಕೆ?

ಗದಗದಿಂದ:
‘ಕಿರುಪರಿಚಯ’ವನ್ನು ದಿನವೂ ಬರೆಯುವವರು ‘ಕಿರುವಲಯ’ದ ಮುಂದೆ ಮಾತ್ರ ಮಡಿ ಉಡುವುದು ವಿಚಿತ್ರವಾಗಿದೆ. ನನ್ನ ತಕರಾರು ‘ವಲಯ’ದ ಮೇಲಿದೆ, ಏಕೆಂದರೆ ಅವಳಿನಗರದವರಿಗೆ ಅದು ಕರ ತುಂಬುವ ಪಾಲಿಕೆಯ ಕಚೇರಿ. ನಮ್ಮ ರೈತರು ನೆಲವನ್ನು ಎರೆ, ಮಸಾರಿ, ಗರಸು ಎಂದು ಎಂದೋ ವಿಂಗಡಿಸಿದ್ದಾರೆ. ‘ನೆಲದ ತರ ನಕ್ಷೆ’ ಎಂದು ಬರೆಯಿರಿ.

ಹುಬ್ಬಳ್ಳಿಯಿಂದ:
ಎರೆ, ಮಸಾರಿಗಳು ಕುಂಟೆಗೆ ಸಿಗುವ ಮಣ್ಣಿನ ಹೆಸರುಗಳು. ಈ ನಕ್ಷೆಯವರು ಸಾಮಾನ್ಯವಾಗಿ ಮೂವತ್ತು ಮೀಟರ್ ಆಳದವರೆಗೆ ಅಲೆಯ ವೇಗವನ್ನು ಅಳೆಯುತ್ತಾರೆ, ಅಂತರ್ಜಲದ ಮಟ್ಟವನ್ನೂ ನೋಡುತ್ತಾರೆ. ಏಕೆಂದರೆ ನೀರುಂಡ ಸಡಿಲ ಮರಳು ಅಲುಗಾಟಕ್ಕೆ ಕೆಸರಿನಂತಾಗಿ ಕಟ್ಟಡದ ಭಾರ ಹೊರಲಾರದು. ಆದ್ದರಿಂದ ‘ತರ’ ಎಂದರೆ ಓದುಗ ಬೆಳೆಯ ನಕ್ಷೆ ಎಂದುಕೊಂಡಾನು. ‘ನೆಲನಡುಕ’ ಚೆಲುವಾದ ಪದವೇ. ಆದರೆ 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದ್ದನ್ನು ನಮ್ಮ ಹಿರಿಯರು ಇಂದಿಗೂ ಭೂಕಂಪ ಎಂದೇ ನೆನೆಯುತ್ತಾರೆ.

ಧಾರವಾಡದಿಂದ:
ಹಾಗಾದರೆ ‘ಅರ್ಥ್‌ಕ್ವೇಕ್’ ಎಂದೇ ಹಾಕಿಬಿಡಿ, ಅದಕ್ಕೂ ರೂಢಿ ಬಂದೀತು.

ಹುಬ್ಬಳ್ಳಿಯಿಂದ:
ಫಲಕಕ್ಕೆ ‘ಭೂಕಂಪ ಕಿರುವಲಯ ನಕ್ಷೆ’ ಎಂದೂ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಲ್ಲಿಯ ನೆಲ ಎಷ್ಟು ಅಲುಗೀತು’ ಎಂದೂ ಕಳುಹಿಸುತ್ತಿದ್ದೇನೆ. ಅರಿಸಮಾಸದ ದೋಷ ನನ್ನ ತಲೆಗಿರಲಿ.