ಆಲಿಬೈಗೆ ಕನ್ನಡದಲ್ಲಿ ಏನಂತೀರಿ? ಜೊತೆಗೆ ಒಂದು ‘ಬಚಾವ್’ ಗೊಂದಲ

ಗೆಳೆಯರೇ, ನಮಸ್ಕಾರ.

ಮುಂಬೈ ಕೋರ್ಟುಗಳಲ್ಲಿ ಮರಾಠಿ ಬಾರದ ನಮ್ಮವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದು ನನ್ನ ಕೆಲಸ. ಸಾಕ್ಷಿ ಹೇಳಿದ್ದು ಆರೋಪಿಗೆ ತಿಳಿಯದಿದ್ದರೆ, ತಿಳಿಯುವ ಭಾಷೆಯಲ್ಲಿ ಅಲ್ಲೇ ಹೇಳಬೇಕು ಅಂತ ಕಾನೂನೇ ಇದೆ.

ಮೊನ್ನೆ ಕಲಬುರಗಿ ಕಡೆಯ ಒಬ್ಬ ಹುಡುಗ, ಗಾರೆ ಕೆಲಸದವನು. ಹೊಡೆದಾಟದ ಕೇಸು. ವಕೀಲರು ಮರಾಠಿಯಲ್ಲಿ ‘ತುಝಾ ಬಚಾವ್ ಕಾಯ್?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವನ ಮುಖ ಅರಳಿತು. ‘ಬಚಾವ್ ಆದ್ನೇನ್ರೀ ಅಣ್ಣಾ?’

ಮರಾಠಿಯಲ್ಲಿ ಬಚಾವ್ ಅಂದರೆ ಆರೋಪಿ ಪರವಾದ ವಾದ. ನಮಗೆ ಅದು ಸ್ವಲ್ಪದರಲ್ಲೇ ಪಾರಾಗುವುದು! ‘ರಕ್ಷಣೆ’ ಅಂದು ನೋಡಿದೆ. ಪೊಲೀಸರು ಜೊತೆಗೆ ಬರ್ತಾರಾ ಅಂತ ಕೇಳಿದ. (‘ಆತ್ಮರಕ್ಷಣೆ’ ಮಾತ್ರ ಎಲ್ಲರಿಗೂ ತಿಳಿಯುತ್ತೆ, ವಿಚಿತ್ರ.) ‘ಪ್ರತಿವಾದ’ಕ್ಕೆ ಸಿವಿಲ್ ಕೇಸಿನ ವಾಸನೆ. ಕೊನೆಗೆ ‘ನಿನ್ನ ಕಡೆಯಿಂದ ಹೇಳೋದೇನು?’ ಅಂದೆ. ಹಾದಿಗೆ ಬಂತು.

‘ನಾ ಅವತ್ತ ಇಲ್ಲಿ ಇದ್ದಿಲ್ರಿ. ಶರಣಬಸವೇಶ್ವರ ಜಾತ್ರಿಗಿ ಊರಿಗಿ ಹೋಗಿದ್ದೆ.’

ಇದೇ ಆಲಿಬೈ, ಅಂದರೆ ಅಪರಾಧ ನಡೆದಾಗ ನಾನು ಬೇರೆ ಕಡೆ ಇದ್ದೆ ಅನ್ನುವ ವಾದ. ಲ್ಯಾಟಿನ್‌ನಲ್ಲಿ ‘ಬೇರೆ ಕಡೆ’ ಅಂತ. ಹಾಗಾಗಿ ‘ಗೈರುಹಾಜರಿ’ ಅಂದರೆ ಅರ್ಧ ಮಾತ್ರ ಆಯಿತು. ಅಲ್ಲಿರಲಿಲ್ಲ ಅಂದರೆ ಸಾಲದು, ಎಲ್ಲಿದ್ದೆ ಅನ್ನುವುದೂ ಬರಬೇಕು. ಅದೂ ದೂರದಲ್ಲಿ. 1872ರ ಸಾಕ್ಷ್ಯ ಕಾಯ್ದೆಯ 11ನೇ ಕಲಮಿನ ಉದಾಹರಣೆಯಲ್ಲಿ ಅಪರಾಧ ಕಲ್ಕತ್ತಾದಲ್ಲಿ, ಆಸಾಮಿ ಲಾಹೋರಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅದು 9ನೇ ಕಲಮು. ಊರುಗಳು ಚೆನ್ನೈ, ಲಡಾಖ್ ಆಗಿವೆ. ಕುರ್ಲಾದಲ್ಲಿ ಹೊಡೆದಾಟ ಆದಾಗ ಘಾಟ್ಕೋಪರ್‌ನಲ್ಲಿದ್ದೆ ಅಂದರೆ ಯಾರು ಕೇಳ್ತಾರೆ? ಲೋಕಲ್‌ನಲ್ಲಿ ಎರಡೇ ಸ್ಟೇಷನ್.

ಮೇಲಾಗಿ ಬೇರೆ ಕಡೆ ಇದ್ದೆ ಅಂದವನೇ ಅದನ್ನು ಸಾಬೀತು ಮಾಡಬೇಕು. (ಆಗದಿದ್ದರೂ ಅಪರಾಧ ಇವನೇ ಮಾಡಿದ ಅಂತ ತೋರಿಸುವ ಹೊಣೆ ಸರ್ಕಾರಿ ವಕೀಲರಿಗೆ ತಪ್ಪಲ್ಲ.) ಹುಡುಗ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಜನರಲ್ ಟಿಕೆಟ್ ತೆಗೆದು ಕೊಟ್ಟ. ಅಕ್ಷರ ಮಾಸಿತ್ತು. ಮಾಸದಿದ್ದರೂ ಏನು, ಅದರಲ್ಲಿ ಹೆಸರೇ ಇರಲ್ವಲ್ಲ.

ಈಗ ನನ್ನ ಪ್ರಶ್ನೆ. ‘ಅನ್ಯತ್ರ ಉಪಸ್ಥಿತಿ’ ಅಂತ ಬರೆದರೆ ಕಾಗದಕ್ಕೆ ಚೆಂದ, ಹುಡುಗನಿಗೆ ಅದೂ ಮರಾಠಿಯೇ. ಸದ್ಯಕ್ಕೆ ‘ಬೇರೆಡೆ ಇದ್ದ ವಾದ’ ಅಂತ ಬರೆದುಕೊಳ್ಳುತ್ತಿದ್ದೇನೆ. ಸೇರಿಸಿ ‘ಬೇರೆಡೆವಾದ’ ಅಂದರೆ ಯಾವುದೋ ಪಂಥದ ಹೆಸರಿನ ಹಾಗಿದೆ, ಅಲ್ವಾ? ಬೆಳಗಾವಿ, ಧಾರವಾಡ ಕಡೆಯ ಹಳೇ ಕೋರ್ಟ್ ಗುಮಾಸ್ತರು, ವಕೀಲರು ಇದಕ್ಕೆ ಏನನ್ನುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ತಿಳಿಸಿ.