ಕೈಮರ, ಕೈಕಂಬ, ಹ್ಯಾಂಡ್‌ಪೋಸ್ಟ್: ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿದ ಮೇಲೆ ಎರಡು ಕಾರಿನಲ್ಲಿ ಮನೆಯವರೆಲ್ಲ ಘಟ್ಟ ಸುತ್ತಿ ಬರೋಣ ಅಂತ ಮಾತಾಗಿದೆ. ಮೊದಲ ದಿನ ಚಿಕ್ಕಮಗಳೂರು, ಮುಳ್ಳಯ್ಯನಗಿರಿ. ಮರುದಿನ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಮಂಗಳೂರು. ಮೂರನೇ ದಿನ ಮೂಡುಬಿದಿರೆ, ಕಾರ್ಕಳ, ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಹತ್ತಿ ತೀರ್ಥಹಳ್ಳಿ. ಘಟ್ಟದಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಹಾಗಾಗಿ ಹಿಂದಿನ ಕಾರು ಓಡಿಸುವ ನಮ್ಮ ಮಾವನಿಗೆ ದಾರಿಯನ್ನು ಕಾಗದದಲ್ಲಿ ಬರೆದುಕೊಡಲು ಕೂತೆ. ಕನ್ನಡದಲ್ಲೇ ಬರೆಯಬೇಕು ಅನ್ನೋದು ನನ್ನ ಆಸೆ. ಆಗ ಎದ್ದ ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ಕೈಮರ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವಾಗ ಕೈಮರ ಎಂಬ ಜಾಗ ಸಿಗುತ್ತದೆ. ಚೆಕ್‌ಪೋಸ್ಟ್ ಇರುವುದೂ ಅಲ್ಲೇ. ನಾನು ಬರೆದದ್ದನ್ನು ಓದಿ ಮಗಳು, 'ಅದು ಯಾವ ಜಾತಿಯ ಮರ ಅಮ್ಮಾ?' ಅಂದಳು. ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಮರ ಅಂದ ಕೂಡಲೇ ನಮಗೆ ಹೊಳೆಯುವುದು ನಿಂತ ಗಿಡಮರ. ಕಡಿದು ಕೆತ್ತಿದ್ದೂ ಮರವೇ ಅಲ್ವಾ? ಮರಗೆಲಸ, ಮರದ ಬಾಗಿಲು ಅನ್ನುತ್ತೇವಲ್ಲ, ಹಾಗೆ. ದಾರಿ ಕವಲೊಡೆಯುವ ಕಡೆ ಒಂದು ಕಂಬ ನೆಟ್ಟು, ಒಂದೊಂದು ಊರಿನ ಕಡೆಗೆ ಒಂದೊಂದು ಹಲಗೆಯನ್ನು ಕೈಯಂತೆ ಚಾಚಿ ನಿಲ್ಲಿಸಿದರೆ ಅದು ಕೈಮರ. ಹಳೆಯ ಕಾಲದ ರೈಲು ಸಿಗ್ನಲ್ಲಿಗೂ ಇದೇ ಹೆಸರಿತ್ತು. ಅದೂ ಕೈ ಎತ್ತಿ ಇಳಿಸುತ್ತಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನದು. ಗಿರಿ ಇಳಿದು ಮೂಡಿಗೆರೆಗೆ ಬಂದರೆ ಅಲ್ಲಿ ಹ್ಯಾಂಡ್‌ಪೋಸ್ಟ್ ಇದೆ. ಹೆಗ್ಗಡದೇವನಕೋಟೆಯಲ್ಲೂ ಒಂದು ಹ್ಯಾಂಡ್‌ಪೋಸ್ಟ್ ಇದೆ. ಚಾರ್ಮಾಡಿ ಇಳಿದು ಬಿ.ಸಿ.ರೋಡಿಗೆ ಬಂದರೆ ಕೈಕಂಬ. ಮಂಗಳೂರಿನಿಂದ ಮೂಡುಬಿದಿರೆಗೆ ಹೊರಟರೆ ಗುರುಪುರದ ಹತ್ತಿರ ಮತ್ತೊಂದು ಕೈಕಂಬ. ಎರಡೇ ದಿನದ ದಾರಿಯಲ್ಲಿ ಒಂದೇ ವಸ್ತುವಿಗೆ ಮೂರು ಹೆಸರು! ಘಟ್ಟದ ಮೇಲೆ ಮರ, ಘಟ್ಟದ ಕೆಳಗೆ ಕಂಬ. ತಮಿಳು, ಮಲಯಾಳ ನಾಡುಗಳಲ್ಲಿ ಇಂಥ ಕೂಡುದಾರಿಗಳಿಗೆ ಕೈಕಾಟ್ಟಿ ಎಂಬ ಹೆಸರಿದೆ. ಅಂದರೆ ಕೈ ತೋರಿಸುವುದು. ಪಾಲಕ್ಕಾಡಿನ ನೆಲ್ಲಿಯಾಂಪತಿ ಬೆಟ್ಟದ ಮೇಲೂ ಒಂದು ಕೈಕಾಟ್ಟಿ ಇದೆ.

ನನಗೆ ಬೇಕಾದ ಉತ್ತರ ಇದು. ಘಟ್ಟದ ಕೆಳಗೆ ಎಲ್ಲಾದರೂ ಕೈಮರ ಅನ್ನುತ್ತಾರಾ? ಮೇಲೆ ಎಲ್ಲಾದರೂ ಕೈಕಂಬ ಇದೆಯಾ? ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಏನನ್ನುತ್ತೀರಿ? ಊರಿನ ಹೆಸರಾಗಿ ಉಳಿದಿದ್ದರೂ ಸಾಕು, ತಿಳಿಸಿ. ಈಗ ಕಂಬ ಎಲ್ಲೂ ಇಲ್ಲ, ಹಸಿರು ಬೋರ್ಡು ಬಂದಿದೆ. ಆ ಬೋರ್ಡನ್ನೂ ಕೈಮರ ಅಂತ ಕರೆಯಬಹುದು ಅನ್ನೋದು ನನ್ನ ಅಭಿಪ್ರಾಯ. 'ಮಾರ್ಗಸೂಚಿ ಫಲಕ' ಅಂತ ಬಾಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

ಎರಡನೆಯದು ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ಇಂಥವು 14 ಇವೆ. ಪತ್ರಿಕೆಗಳು 'ಕಡಿದಾದ ತಿರುವು' ಎಂದು ಬರೆಯುತ್ತವೆ. ಆದರೆ ಕಡಿದು ಅಂದರೆ ಏರು ಜಾಸ್ತಿ ಅಂತ. ರಸ್ತೆ ಮಡಚಿಕೊಂಡು ಬಂದ ದಿಕ್ಕಿಗೇ ತಿರುಗುತ್ತದೆ ಅನ್ನುವುದು ಅದರಲ್ಲಿ ಬರುವುದಿಲ್ಲ. ಅಲ್ಲಿಯ ಜನ 'ಏಳನೇ ಸುತ್ತಿನಲ್ಲಿ ಲಾರಿ ಸಿಕ್ಕಿಹಾಕಿಕೊಂಡಿದೆ' ಅಂತಾರೆ. ಸುತ್ತು! ಎಣಿಸಲಿಕ್ಕೂ ಬರುತ್ತದೆ, ರಸ್ತೆಯ ಆಕಾರವೂ ಕಣ್ಣಿಗೆ ಕಟ್ಟುತ್ತದೆ. ಮಾವನ ಕಾಗದದಲ್ಲಿ ನಾನು ಹೀಗೆ ಬರೆದೆ: 'ಸೋಮೇಶ್ವರ ಕಳೆದ ಮೇಲೆ 14 ಸುತ್ತು. ಪ್ರತಿ ಸುತ್ತಿಗೂ ಹಾರ್ನ್ ಮಾಡಿ. ಚಾರ್ಮಾಡಿ ಇಳಿಯುವಾಗ ಹತ್ತುವ ಗಾಡಿಗೆ ದಾರಿ ಬಿಡಿ. ನ್ಯೂಟ್ರಲ್‌ನಲ್ಲಿ ಇಳಿಸಬೇಡಿ, ಸಣ್ಣ ಗೇರಿನಲ್ಲೇ ಇಳಿಸಿ.' ಓದಿದವರು ಮತ್ತೆ ಏನೂ ಕೇಳಲಿಲ್ಲ. ಕೊಡಗು, ಶಿರಸಿ, ಯಲ್ಲಾಪುರದ ಕಡೆಯೂ ಸುತ್ತು ಅಂತಲೇ ಎಣಿಸುತ್ತೀರಾ?

ಇನ್ನೊಂದು ಸಣ್ಣದು. ರಸ್ತೆ ಮಾಡಲು ಗುಡ್ಡ ಕಡಿದಾಗ ಪಕ್ಕದಲ್ಲಿ ಗೋಡೆಯಂತೆ ನಿಲ್ಲುವ ಮಣ್ಣಿಗೆ ಮಲೆನಾಡಿನಲ್ಲಿ ದರೆ ಅಂತಾರೆ. ಕೊಡಗಿನ ಕಡೆ ಬರೆ. ಪತ್ರಿಕೆಗಳಲ್ಲಿ ಇದು 'ಧರೆ ಕುಸಿತ' ಆಗಿರುತ್ತದೆ. ಧರೆ ಅಂದರೆ ಇಡೀ ಭೂಮಿ. ಕುಸಿದದ್ದು ಭೂಮಿಯಲ್ಲ, ರಸ್ತೆ ಬದಿಯ ಮಣ್ಣು. ಅದಕ್ಕೇ ನಾನು ಮಹಾಪ್ರಾಣ ಬಿಟ್ಟು ದರೆ ಎಂದೇ ಬರೆಯುತ್ತೇನೆ. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಕಾರಣ ಸಮೇತ ಬರೆಯಿರಿ. ನಿಮ್ಮ ಊರಿನ ಹೆಸರನ್ನೂ ಸೇರಿಸಿದರೆ, ಯಾವ ಮಾತು ಎಲ್ಲಿಯವರೆಗೆ ಇದೆ ಅಂತ ಗುರುತು ಹಾಕಿಕೊಳ್ಳುತ್ತೇನೆ.